ಸೆಟ್ಟಿಗಿಂತ ಮೊದಲು ಆಂಟೆನಾ ನೋಡು ಮಾರಾಯ

ಪ್ರೀತಿಯ ಗೆಳೆಯಾ,

ದೋಣಿಯ ಫೋಟೊ ನೋಡಿದೆ. ನೀಲಿ ಬಣ್ಣ ಚೆನ್ನಾಗಿ ಬಂದಿದೆ. ಇಪ್ಪತ್ತು ಅಡಿ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಇಂಜಿನ್, ಮುಂದೆ ಗಣಪತಿಯ ಸ್ಟಿಕರ್. ಇಲ್ಲದ್ದು ಬೇರೆ ದೋಣಿಯವರ ಜೊತೆ ಮಾತಾಡುವ ವಯರ್‌ಲೆಸ್ ಸೆಟ್ ಒಂದೇ. ಮೊನ್ನೆ ಫೋನಿನಲ್ಲಿ ಅದನ್ನೇ ಕೇಳಿದ್ದೆ ಅಲ್ವಾ, ಯಾವುದು ತಗೊಳ್ಳಲಿ, ಎಷ್ಟು ವಾಟಿನದ್ದು ಅಂತ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸಣ್ಣ ದೋಣಿ ಇಟ್ಟುಕೊಂಡ ಬೇರೆಯವರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ನನ್ನ ಮರ್ಯಾದೆ ಹೋದ ಕತೆ ಕೇಳು. ಎರಡು ವರ್ಷದ ಹಿಂದೆ ಮಲ್ಪೆಯಿಂದ ಗಾಳ ಹಾಕಲು ಹೋಗಿದ್ದೆ, ಸೇಂಟ್ ಮೇರೀಸ್ ದ್ವೀಪ ದಾಟಿ ಇನ್ನೂ ಪಡುವಣಕ್ಕೆ. ಪೆಟ್ರೋಲಿನಲ್ಲಿ ನೀರು ಸೇರಿ ಇಂಜಿನ್ ನಿಂತಿತು. ಮೊಬೈಲಿನಲ್ಲಿ ಸಿಗ್ನಲ್‌ನ ಒಂದು ಕಡ್ಡಿಯೂ ಇಲ್ಲ. ಪರವಾಗಿಲ್ಲ, 25 ವಾಟಿನ ಸೆಟ್ ಇದೆ ಅಂತ ಧೈರ್ಯ. ಮೊದಲ ಕರೆಗೂ ಅಪಾಯದ ಕರೆಗೂ ಎಲ್ಲರೂ ಬಳಸುವ 16ನೇ ಚಾನೆಲ್‌ಗೆ ಹಾಕಿ ಕರೆದೆ, ಕರೆದೆ, ಗಂಟಲು ಒಣಗಿತು. ಯಾರೂ ಓಗೊಡಲಿಲ್ಲ. ಸೆಟ್ಟಿನ ಲೈಟು ಮಾತ್ರ ಮದುವೆಮನೆಯ ಹಾಗೆ ಉರಿಯುತ್ತಿತ್ತು. ಕೊನೆಗೆ ದಡಕ್ಕೆ ವಾಪಸಾಗುತ್ತಿದ್ದ ಪರ್ಸೀನ್ ಬೋಟಿನವರಿಗೆ ಅಂಗಿ ಬಿಚ್ಚಿ ಬೀಸಿದೆ. ಹಗ್ಗ ಕಟ್ಟಿ ಎಳೆದು ತಂದರು. ಮನೆಗೆ ಬಂದು ಆಂಟೆನಾದ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಉಪ್ಪುನೀರು ಇಳಿದು ತಂತಿಯನ್ನೇ ತಿಂದಿತ್ತು. ಟೇಪ್ ಸುತ್ತದೆ ಬಿಟ್ಟವನು ನಾನೇ. ಬೈಯೋಣ ಅಂದರೆ ಬೇರೆ ಯಾರೂ ಇರಲಿಲ್ಲ.

ಅಂದಿನಿಂದ ನಾನು ವಾಟ್ ಕೇಳುವುದು ಬಿಟ್ಟೆ. ದೋಣಿಗೆ ಕೂರಿಸುವ ಸೆಟ್ಟುಗಳೆಲ್ಲ ಹೆಚ್ಚುಕಡಿಮೆ 25 ವಾಟಿನವೇ. ಕೈಯಲ್ಲಿ ಹಿಡಿಯುವವು 5 ಅಥವಾ 6 ವಾಟ್. ಆದರೆ ಈ ಸೆಟ್ಟುಗಳು ಬಳಸುವ ವಿಎಚ್ಎಫ್ ರೇಡಿಯೋ ಅಲೆ ನೆಟ್ಟಗೆ ಹೋಗುತ್ತದೆ, ಭೂಮಿಯ ಉಬ್ಬು ಅಡ್ಡ ಬಂದರೆ ಎಷ್ಟು ವಾಟ್ ಇದ್ದರೂ ಅಷ್ಟಕ್ಕಷ್ಟೇ. ಕಾಪುವಿನ ದೀಪಸ್ತಂಭವನ್ನು ಬಂಡೆಯ ಮೇಲೆ ಅಷ್ಟು ಎತ್ತರಕ್ಕೆ ಯಾಕೆ ಕಟ್ಟಿದರು ಹೇಳು? ಅದೇ ಕಾರಣ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತಗೊಂಡು ವರ್ಗಮೂಲ ಹಾಕು, ನಾಲ್ಕರಿಂದ ಗುಣಿಸು. ಅಷ್ಟು ಕಿಲೋಮೀಟರ್ ನಿನ್ನ ಪಾಲು. ಆ ಕಡೆಯ ದೋಣಿಯದ್ದನ್ನೂ ಹಾಗೇ ಲೆಕ್ಕ ಹಾಕಿ ಕೂಡಿಸು. ಎರಡೂ ದೋಣಿಯ ಆಂಟೆನಾ ನಾಲ್ಕು ಮೀಟರ್ ಎತ್ತರದಲ್ಲಿದ್ದರೆ ಸುಮಾರು 16 ಕಿಲೋಮೀಟರ್. ಇಬ್ಬರೂ ದೋಣಿಯಲ್ಲಿ ಕೂತು ಕೈಸೆಟ್ ಹಿಡಿದು ಮಾತಾಡಿದರೆ 10 ಸಿಕ್ಕರೆ ಪುಣ್ಯ.

ಇನ್ನು ಡೆಸಿಬಲ್ ವಿಚಾರ, ಅಂದರೆ ಆಂಟೆನಾ ಪವರನ್ನು ಎಷ್ಟು ಹಿಂಡಿ ಕಳಿಸುತ್ತದೆ ಅನ್ನುವ ಲೆಕ್ಕ. ಅಂಗಡಿಯಲ್ಲಿ 6 ಡೆಸಿಬಲ್‌ನ ಉದ್ದ ಆಂಟೆನಾ ತೋರಿಸಿ ಇದು ಜಾಸ್ತಿ ದೂರ ಹೋಗುತ್ತೆ ಅಂತಾರೆ. ಹೋಗುತ್ತದೆ ನಿಜ, ದೋಣಿ ಅಲ್ಲಾಡದಿದ್ದರೆ! 3 ಡೆಸಿಬಲ್‌ನದ್ದು ಲಾಟೀನಿನ ಹಾಗೆ ಬೆಳಕು ಹರಡುತ್ತದೆ. 6ರದ್ದು ಆ ಬೆಳಕನ್ನೇ ಹಿಂಡಿ ತೆಳ್ಳಗೆ ಮಾಡುತ್ತದೆ. ಇಪ್ಪತ್ತು ಅಡಿ ದೋಣಿ ತೆರೆಗೆ ಹೊರಳುವಾಗ ಆ ತೆಳ್ಳನೆ ಬೆಳಕು ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ. ನಿನಗೆ 3ರದ್ದೇ ಸಾಕು. ಅದನ್ನು ಗಟ್ಟಿ ಪೈಪಿನ ಮೇಲೆ ಎಷ್ಟು ಎತ್ತರಕ್ಕೆ ಆಗುತ್ತೋ ಅಷ್ಟು ಎತ್ತರಕ್ಕೆ ಹಾಕು. ಕೇಬಲ್‌ನಲ್ಲಿ ಜಿಪುಣತನ ಬೇಡ. ತೆಳ್ಳಗಿನ ಆರ್‌ಜಿ 58 ಕೇಬಲ್ ಆರು ಮೀಟರ್ ಹಾಕಿದರೆ ನಿನ್ನ ಪವರಿನಲ್ಲಿ ಸುಮಾರು ಕಾಲು ಭಾಗ ದಾರಿಯಲ್ಲೇ ಹೋಗುತ್ತದೆ.

ಸೆಟ್ಟು ಐಕಾಮ್ ಆಗಲಿ, ಸ್ಟ್ಯಾಂಡರ್ಡ್ ಹೊರೈಜನ್ ಆಗಲಿ, ನನಗೇನೂ ತಕರಾರಿಲ್ಲ. ಬಣ್ಣದ ಸ್ಕ್ರೀನ್‌ಗೆ ದುಡ್ಡು ಹಾಕಬೇಡ. ಜಿಪಿಎಸ್ ಒಳಗೇ ಇರಲಿ, ಡಿಎಸ್‌ಸಿ, ಅಂದರೆ ಅಪಾಯದ ಸಂದೇಶವನ್ನು ತಾನೇ ಕಳಿಸುವ ಸೌಲಭ್ಯ, ಇರಲಿ. ಮುಚ್ಚಳದ ಅಡಿಯ ಕೆಂಪು ಗುಂಡಿ ಇರುತ್ತಲ್ಲ, ಅದೇ. ಕೆಲವು ಸೆಕೆಂಡು ಒತ್ತಿ ಹಿಡಿದರೆ ನೀನು ಯಾರು, ಎಲ್ಲಿದ್ದೀಯ ಅನ್ನುವುದನ್ನು 70ನೇ ಚಾನೆಲ್‌ನಲ್ಲಿ ಅದೇ ಕಳಿಸುತ್ತದೆ. ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳು ಆ ಚಾನೆಲ್‌ಗೆ ಕಿವಿ ಕೊಟ್ಟಿರಲೇಬೇಕು. ಆದರೆ ದೋಣಿಯ ಗುರುತಿನ ಒಂಬತ್ತು ಅಂಕಿಯ ಎಂಎಂಎಸ್ಐ ನಂಬರ್ ಹಾಕದಿದ್ದರೆ ಬಹಳಷ್ಟು ಸೆಟ್ಟುಗಳಲ್ಲಿ ಆ ಗುಂಡಿ ಬರೀ ಅಲಂಕಾರ. ನಮ್ಮ ದೇಶದ್ದು 419ರಿಂದ ಶುರುವಾಗುತ್ತದೆ. ಸುಮ್ನೆ ಬಾಯಿಗೆ ಬಂದ ನಂಬರ್ ಹಾಕಿಬಿಡಬೇಡ, ಒಮ್ಮೆ ಹಾಕಿದ ಮೇಲೆ ಬದಲಿಸುವುದು ಕಷ್ಟ.

ದುಬೈಯಿಂದ ಭಾವ ತರುತ್ತಾನೆ ಅಂದೆ. ವಯರ್‌ಲೆಸ್ ಅಂದರೆ ಬ್ಯಾಗಿನಲ್ಲಿ ಖರ್ಜೂರದ ಜೊತೆ ತುರುಕಿ ತರುವ ಸಾಮಾನಲ್ಲ. ಇಟ್ಟುಕೊಳ್ಳಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಕಾಗದಪತ್ರದ ರಗಳೆ ಇದ್ದದ್ದೇ, ಅದನ್ನು ಮೊದಲು ಮುಗಿಸು. ಹೊರಗಿನ ಸೆಟ್ಟಾದರೆ ಚಾನೆಲ್ ಅಮೆರಿಕದ ಪಟ್ಟಿಯಲ್ಲಿದೆಯಾ, ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆಯಾ ನೋಡು. ನಮಗೆ ಬೇಕಾದ್ದು ಎರಡನೆಯದು.

ಕೈಸೆಟ್ ಬೇಡವೇ ಅಂತ ಕೇಳುತ್ತೀಯ. ಬೇಕು, ಎರಡನೆಯದಾಗಿ. ದೋಣಿಯಲ್ಲಿ 12 ವೋಲ್ಟಿನ ಬ್ಯಾಟರಿಯೇ ಇಲ್ಲ, ಹಗ್ಗ ಎಳೆದು ಇಂಜಿನ್ ಶುರು ಮಾಡುತ್ತೀಯ ಅಂದರೆ ಮಾತ್ರ ಅದೇ ಮೊದಲನೆಯದು. ಕೇಳುವಾಗ ದೊಡ್ಡ ಸೆಟ್ ಏನೂ ತಿನ್ನುವುದಿಲ್ಲ, ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ. ಕೈಸೆಟ್ ನೀರಿನಲ್ಲಿ ತೇಲುವಂಥದ್ದೇ ಇರಲಿ. ಬರೀ ಐಪಿಎಕ್ಸ್ 7 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬದುಕುತ್ತದೆ ಅಂತ ಅರ್ಥ, ತೇಲುತ್ತದೆ ಅಂತಲ್ಲ. ಮುಳುಗಿದ ಮೇಲೆ ಅದು ಎಷ್ಟು ಹೊತ್ತು ಬದುಕಿದರೆ ನಿನಗೇನು?

ಇಸ್ರೋದ ಟ್ರಾನ್ಸ್‌ಪಾಂಡರನ್ನು ಸರ್ಕಾರವೇ ಕೊಡುತ್ತದಲ್ಲ, ಇದು ಯಾಕೆ ಅಂತ ನಿನ್ನ ತಮ್ಮ ಕೇಳಿದನಂತೆ. ಮೀನುಗಾರಿಕೆ ಬೋಟಿಗೆ ಅದು ಒಳ್ಳೆಯದೇ, ಉಪಗ್ರಹದ ಮೂಲಕ ದೂರದಿಂದ ಸಂದೇಶ ಕಳಿಸುತ್ತದೆ. ಆದರೆ ಮೊದಲು ಬಂದು ಹಗ್ಗ ಎಸೆಯುವವನು ಎರಡು ಮೈಲು ಆಚೆ ಇರುವ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟ್ ನಡೆಸುವವನು. ಅವನ ಕಿವಿಗೆ ಬೀಳುವುದು ವಯರ್‌ಲೆಸ್.

16ರಲ್ಲಿ ಬಂಗುಡೆ ರೇಟು ಮಾತಾಡಬೇಡ, ಕರೆದು ಬೇರೆ ಚಾನೆಲ್‌ಗೆ ಹೋಗು. ಅಪಾಯ ಬಂದರೆ ಮೇಡೇ ಅಂತ ಮೂರು ಸಲ, ದೋಣಿಯ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ. ಇದನ್ನು ಚೀಟಿಯಲ್ಲಿ ಬರೆದು ಸೆಟ್ಟಿನ ಪಕ್ಕ ಅಂಟಿಸು, ಗಾಬರಿಯಲ್ಲಿ ನಿನ್ನ ಹೆಸರೇ ನಿನಗೆ ನೆನಪಿರುವುದಿಲ್ಲ. ಮೊಬೈಲ್ ಸಿಗುವ ಜಾಗದಲ್ಲಾದರೆ ಕೋಸ್ಟ್ ಗಾರ್ಡ್ ನಂಬರ್ 1554.

ಶನಿವಾರ ಗಂಗೊಳ್ಳಿಗೆ ಬರುತ್ತೇನೆ. ಕನೆಕ್ಟರ್‌ಗೆ ಸುತ್ತುವ ರಬ್ಬರ್ ಟೇಪ್ ನನ್ನ ಹತ್ತಿರ ಅರ್ಧ ಸುರುಳಿ ಉಳಿದಿದೆ. ಅಲ್ಲಿಯ ತನಕ ಡ್ರಿಲ್ ಹಿಡಿದು ದೋಣಿಗೆ ತೂತು ಕೊರೆಯಬೇಡ. ದಿಕ್ಸೂಚಿಯ ಪಕ್ಕದಲ್ಲೇ ಸೆಟ್ ಕೂರಿಸಿಬಿಡುತ್ತೀಯ, ಆಮೇಲೆ ಸ್ಪೀಕರಿನ ಅಯಸ್ಕಾಂತ ಅದರ ಮುಳ್ಳನ್ನು ಎತ್ತಲೋ ಎಳೆಯುತ್ತದೆ.

ನಿನ್ನ,
ಮಲ್ಪೆಯ ಗೆಳೆಯ