ಬೆಂಗಳೂರಿನ ಯಂತ್ರ ನಮ್ಮವರ ಕೆನ್ನೆಗೆ ಎಟಕುವುದಿಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಾನು ಕೇಳುವುದು ಒಂದೇ. ಮುಖದ ನರದ ನೋವು ಮಾತ್ರೆಗೂ ಆಪರೇಷನ್ನಿಗೂ ಬಗ್ಗದೆ ಉಳಿದವರಿಗೆ ಕೊಡುವ ಟಿಎಂಎಸ್ ಚಿಕಿತ್ಸೆ, ಅಂದರೆ ತಲೆಯ ಹೊರಗಿನಿಂದಲೇ ಕಾಂತದ ಬಲದಿಂದ ಮೆದುಳನ್ನು ಚುರುಕುಗೊಳಿಸುವ ವಿಧಾನ, ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ, ಬಿಪಿಎಲ್ ಕಾರ್ಡಿನವರಿಗೆ ಖರ್ಚಿಲ್ಲದೆ ಸಿಗಬೇಕು.

ಮುಖದ ಸ್ಪರ್ಶವನ್ನು ಮೆದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಹಣೆಗೆ, ಕೆನ್ನೆಗೆ, ದವಡೆಗೆ ಅದರ ಮೂರು ಕವಲು. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಈ ನರವನ್ನು ಒತ್ತುತ್ತಾ ಬಂದರೆ ಅದರ ಕವಚ ಸವೆಯುತ್ತದೆ. ಆಮೇಲೆ ಹಲ್ಲುಜ್ಜಿದರೆ, ಮುಖ ತೊಳೆದರೆ, ಬಸ್ಸಿನ ಕಿಟಕಿಯ ಗಾಳಿ ಬಡಿದರೂ ಸಾಕು, ಕೆನ್ನೆಗೆ ಕರೆಂಟ್ ಹೊಡೆಯುತ್ತದೆ. ಒಂದೊಂದು ಹೊಡೆತ ಕೆಲವು ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಹಲ್ಲುನೋವೆಂದು ಭಾವಿಸಿ ಸುಮ್ಮನೆ ಹಲ್ಲು ಕೀಳಿಸಿಕೊಳ್ಳುವವರು ಬಹಳ ಮಂದಿ.

ನನ್ನ ಅಕ್ಕನೂ ಅವರಲ್ಲೊಬ್ಬಳು. ಗುರುಪುರದ ಕಡೆ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾಳೆ. ಎರಡು ದವಡೆಹಲ್ಲು ಹೋದ ಮೇಲೆ ರೋಗದ ಹೆಸರು ಗೊತ್ತಾಯಿತು. ಇದಕ್ಕೆ ಮೊದಲ ಮದ್ದು ಕಾರ್ಬಮಜೆಪೀನ್ ಎಂಬ ಹಳೆಯ, ಅಗ್ಗದ ಮಾತ್ರೆ. ಶುರುವಿನಲ್ಲಿ ಅದು ಹಿಡಿಯಿತು ಕೂಡ. ಡೋಸ್ ಏರಿದ ಹಾಗೆ ತಲೆ ತಿರುಗಿತು, ರಕ್ತದಲ್ಲಿ ಸೋಡಿಯಂ ಇಳಿಯಿತು. ನರಕ್ಕೇ ಒಂದು ಚಿಕಿತ್ಸೆಯೂ ಆಯಿತು. ಈಗ ಕರೆಂಟ್ ಹೊಡೆಯುವುದು ಕಡಿಮೆ. ಬದಲಿಗೆ ಬೆಳಗಿನಿಂದ ರಾತ್ರಿವರೆಗೆ ಮೆಣಸು ಅರೆದು ಹಚ್ಚಿದಂಥ ಉರಿ. ನೀರುದೋಸೆಯನ್ನೂ ಒಂದೇ ಬದಿಯಲ್ಲಿ ಜಗಿಯುತ್ತಾಳೆ. ಹೊರಗೆ ಗಾಯವಿಲ್ಲ, ಬಾವಿಲ್ಲ. ಹಾಗಾಗಿ ಇದೆಲ್ಲ ನಾಟಕ ಎಂಬ ಮಾತನ್ನೂ ಕೇಳಿದ್ದಾಳೆ.

ಟಿಎಂಎಸ್ ನಿನ್ನೆ ಮೊನ್ನೆಯದಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಕೊಯ್ಯುವುದಿಲ್ಲ, ಅರಿವಳಿಕೆ ಇಲ್ಲ. ಕುರ್ಚಿಯಲ್ಲಿ ಕೂರಿಸಿ ಎಂಟರ ಆಕಾರದ ತಂತಿಸುರುಳಿಯನ್ನು ತಲೆಗೆ ಹಿಡಿಯುತ್ತಾರೆ. ಅದರ ಕಾಂತಕ್ಷೇತ್ರ ಬುರುಡೆ ದಾಟಿ ಮೆದುಳಿನಲ್ಲಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಟಕಟಕ ಸದ್ದು ಜೋರು, ಕಿವಿಗೆ ಏನಾದರೂ ಇಟ್ಟುಕೊಳ್ಳಬೇಕು. ನನಗೆ ಆಶ್ಚರ್ಯವಾದದ್ದು ಸುರುಳಿ ಹಿಡಿಯುವ ಜಾಗ. ಅದು ಸ್ಪರ್ಶ ತಿಳಿಯುವ ಜಾಗವಲ್ಲ, ಸ್ನಾಯುಗಳನ್ನು ಆಡಿಸುವ ಮೋಟಾರ್ ಕಾರ್ಟೆಕ್ಸ್. ಎಡಗೆನ್ನೆ ಉರಿಯುವವರಿಗೆ ಬಲಮೆದುಳಿಗೆ. ಅಲ್ಲಿ ವಿದ್ಯುದ್ವಾರ ಇಟ್ಟರೆ ನೋವು ಇಳಿಯುತ್ತದೆಂದು ಜಪಾನಿನ ತ್ಸುಬೊಕಾವಾ ತಂಡ 1991ರಲ್ಲಿ ಬುರುಡೆ ತೆರೆದು ಕಂಡುಕೊಂಡಿತ್ತು. ಈಗ ಅದನ್ನೇ ಹೊರಗಿನಿಂದ ಮಾಡುತ್ತಾರೆ. 2005ರಲ್ಲಿ ಈಜಿಪ್ಟಿನ ವೈದ್ಯರು ಇಂಥ ಮುಖದ ನೋವಿನವರಿಗೆ ಸತತ ಐದು ದಿನ ಕೊಟ್ಟರು, ಉಪಶಮನ ಮತ್ತೂ ಎರಡು ವಾರ ಉಳಿಯಿತು. ನರದ ನೋವಿಗೆ ಈ ವಿಧಾನಕ್ಕಿರುವ ಪುರಾವೆಯನ್ನು ಯುರೋಪಿನ ತಜ್ಞರ ತಂಡ 2014ರಲ್ಲೂ 2020ರಲ್ಲೂ ಅತ್ಯುನ್ನತ ದರ್ಜೆಗೆ ಸೇರಿಸಿದೆ.

ಇದು ಪವಾಡ ಅಲ್ಲ ಸ್ವಾಮಿ. ಎಲ್ಲರಿಗೂ ಹಿಡಿಯುವುದಿಲ್ಲ. ಹಿಡಿದವರಿಗೂ ನೋವು ತಗ್ಗುತ್ತದೆ ಅಷ್ಟೆ, ಕೆಲವು ವಾರ ಕಳೆದ ಮೇಲೆ ಮತ್ತೆ ಕೊಡಬೇಕು. ಬರೀ ಕರೆಂಟ್ ಹೊಡೆತದ ಹಂತದಲ್ಲಿರುವವರಿಗೆ ಇಂದಿಗೂ ಮೊದಲು ಮಾತ್ರೆ, ಆಮೇಲೆ ರಕ್ತನಾಳ ಸರಿಸುವ ಆಪರೇಷನ್ನೇ ದಾರಿ. ತಲೆಯೊಳಗೆ ಲೋಹವೋ, ಕಿವಿ ಕೇಳಿಸಲೆಂದು ಒಳಗಿಟ್ಟ ಕಾಕ್ಲಿಯರ್ ಇಂಪ್ಲಾಂಟೋ ಇದ್ದರೆ ಕೂಡದು, ಫಿಟ್ಸ್ ಇದ್ದವರಿಗೆ ಎಚ್ಚರಿಕೆ ಬೇಕು. ಯಾರಾದರೂ ಇದನ್ನು ಸಕಲ ರೋಗಕ್ಕೂ ಮದ್ದು ಎಂದು ಬೋರ್ಡು ಹಾಕಿ ಮಾರಲು ಹೊರಟರೆ ನಿಮ್ಮ ಇಲಾಖೆ ಕಣ್ಣಿಡಬೇಕು.

ಮತ್ತೆ ಮತ್ತೆ ಕೊಡಬೇಕಾದ್ದರಿಂದಲೇ ಅದು ಹತ್ತಿರದಲ್ಲಿ ಇರಬೇಕೆಂದು ಕೇಳುತ್ತಿದ್ದೇನೆ. ಆಪರೇಷನ್ ಆದರೆ ಸಾಲ ಮಾಡಿಯಾದರೂ ಒಮ್ಮೆ ಬೆಂಗಳೂರಿಗೆ ಹೋಗಿ ಬರಬಹುದು. ವಾರವಿಡೀ ದಿನಾ ಕೂತು, ಆಮೇಲೆ ಆಗಾಗ ಮರಳಿ ಹೋಗಬೇಕಾದ ಚಿಕಿತ್ಸೆ ಮುನ್ನೂರೈವತ್ತು ಕಿಲೋಮೀಟರ್ ಆಚೆ ಇದ್ದರೆ ಅದು ನಮ್ಮ ಪಾಲಿಗೆ ಇಲ್ಲವೆಂದೇ ಲೆಕ್ಕ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ರಸ್ತೆ ಯಾವಾಗ ಮುಚ್ಚುತ್ತದೋ ದೇವರೇ ಬಲ್ಲ. ಕಟ್ಟಿದ ಸಾವಿರಕ್ಕೆ ಇಷ್ಟೆಂದು ಕೂಲಿ ಸಿಗುವವಳಿಗೆ ಲಾಡ್ಜಿನಲ್ಲಿ ಕಳೆದ ವಾರ ಎರಡು ಕಡೆಯಿಂದ ನಷ್ಟ. ಗಾಳಿ ತಾಗಿದರೆ ನೋಯುವ ಮುಖ ಹೊತ್ತು ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದರೆ ಸಿಕ್ಕಿದ ಅಷ್ಟಿಷ್ಟು ಉಪಶಮನವೂ ಸಕಲೇಶಪುರ ದಾಟುವಾಗ ಉಳಿದಿರುತ್ತದೆಯೇ?

1848ರಿಂದ ಇರುವ ವೆನ್ಲಾಕ್‌ಗೆ ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದಲೂ ಬಡವರು ಬರುತ್ತಾರೆ, ಮೆಡಿಕಲ್ ಕಾಲೇಜಿನ ವೈದ್ಯರು ಅಲ್ಲೇ ಕೆಲಸ ಮಾಡುತ್ತಾರೆ. ಇದಕ್ಕೆ ಐಸಿಯು ಬೇಡ, ಆಪರೇಷನ್ ಥಿಯೇಟರ್ ಬೇಡ. ಒಂದು ಕೋಣೆ, ತರಬೇತಿ ಪಡೆದ ಒಬ್ಬ ಟೆಕ್ನಿಷಿಯನ್, ಮೇಲೆ ನೋಡಿಕೊಳ್ಳಲು ನರರೋಗ ತಜ್ಞರು ಸಾಕು. ಖಿನ್ನತೆಗೂ ಇದೇ ಯಂತ್ರ ಬಳಸುವುದರಿಂದ ಮನೋರೋಗ ವಿಭಾಗಕ್ಕೂ ಉಪಯೋಗ. ಆದರೆ ದಯವಿಟ್ಟು ಯಂತ್ರ ಮಾತ್ರ ಕಳಿಸಬೇಡಿ. ಟೇಪು ಕತ್ತರಿಸಿದ ಮೇಲೆ ಪ್ಲಾಸ್ಟಿಕ್ ಹೊದ್ದು ಮಲಗಿದ ಯಂತ್ರಗಳು ನಮ್ಮ ರಾಜ್ಯಕ್ಕೆ ಹೊಸತಲ್ಲ, ಮೇಲಾಗಿ ನಮ್ಮ ಉಪ್ಪುಗಾಳಿಗೆ ಯಾವ ಯಂತ್ರವೂ ಬೇಗ ಹಾಳು. ಟೆಕ್ನಿಷಿಯನ್ ಹುದ್ದೆಯೂ ವಾರ್ಷಿಕ ನಿರ್ವಹಣೆಯ ಹಣವೂ ಅದೇ ಆದೇಶದಲ್ಲಿ ಬರಲಿ. ಅಡ್ಮಿಟ್ ಆಗದೆ ದಿನಾ ಬಂದು ಹೋಗುವ ಈ ಚಿಕಿತ್ಸೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜಿನೊಳಗೆ ಸೇರಲಿ.

ಜಿಲ್ಲೆಯ ಮುಂದಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ಆರೋಗ್ಯಾಧಿಕಾರಿಗಳಿಂದ ಎರಡು ಲೆಕ್ಕ ಕೇಳಿಸಿ: ಮುಖದ ನರದ ನೋವಿಗೆ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಮಂದಿ, ಅವರಲ್ಲಿ ಮಾತ್ರೆ ಹಿಡಿಯದವರು ಎಷ್ಟು. ಎಷ್ಟು ಯಂತ್ರ, ಯಾವ ತಾಲೂಕಿಗೆ ಎಂಬುದನ್ನು ಆ ಲೆಕ್ಕ ಬಂದ ಮೇಲೆ ಮಾತಾಡೋಣ.

ಇತಿ,
ಬೀಡಿ ಕಟ್ಟುವ ಅಕ್ಕನ ತಮ್ಮ,
ಮಂಗಳೂರು