ಗದ್ದೆ ತುಂಬಿಸಿದ ಜಾಗದಲ್ಲಿ ನೀರಿನ ಟ್ಯಾಂಕ್: ಮೊದಲು ಮಣ್ಣು ಪರೀಕ್ಷೆ ಮಾಡಿಸಿ

ಗೆ,
ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಚೇರಿ,
ಮಡಿಕೇರಿ ತಾಲ್ಲೂಕು, ಕೊಡಗು ಜಿಲ್ಲೆ.

ವಿಷಯ: ತುಂಬಿಸಿದ ಗದ್ದೆಯಲ್ಲಿ ಓವರ್‌ಹೆಡ್ ಟ್ಯಾಂಕ್ ಕಟ್ಟುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವ ಬಗ್ಗೆ (ಎಂಟನೇ ಮನವಿ).

ಮಾನ್ಯರೇ,

ಮೇಲಿನ ವಿಷಯದ ಬಗ್ಗೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಏಳು ಸಲ ವಿನಂತಿಸಿ ಆಗಿದೆ.

ಅಂಗನವಾಡಿ ಹಿಂದಿನ ಗದ್ದೆ ತಮಗೆ ಗೊತ್ತೇ ಇದೆ. 2018ರ ಆಗಸ್ಟ್‌ನಲ್ಲಿ ರಸ್ತೆಗೆ ಬಿದ್ದ ಬರೆ (ಗುಡ್ಡದ ಕಡಿದಾದ ಬದಿ) ಮಣ್ಣನ್ನೆಲ್ಲ ಟಿಪ್ಪರ್‌ಗಳಲ್ಲಿ ತಂದು ಸುರಿದದ್ದು ಅಲ್ಲೇ. ಮರದ ಬೇರು, ಕಾಫಿ ಗಿಡ, ಒಡೆದ ಮೋರಿ ಪೈಪು ಎಲ್ಲ ಅದರೊಳಗಿದೆ. ರೋಲರ್ ಓಡಿಸಿದ್ದನ್ನು ನಾವ್ಯಾರೂ ನೋಡಿಲ್ಲ. ಮೇಲೆ ಹುಲ್ಲು ಬಂತು, ಜಾಗ ಸೈಟಾಯಿತು. ಈಗ ಟ್ಯಾಂಕಿನ ಕಂಬಕ್ಕೆ ಗುಂಡಿ ತೋಡಿದ್ದೀರಿ. ಬಿಸಿಲಿನಲ್ಲೂ ಅದರಲ್ಲಿ ಮೊಣಕಾಲುದ್ದ ನೀರು ನಿಂತಿದೆ. ಗದ್ದೆ ಅಲ್ವಾ, ನೀರು ಎಲ್ಲಿಗೆ ಹೋಗಬೇಕು?

"ಕೊಡಗು ಗಟ್ಟಿ ಬಂಡೆಯ ಜಾಗ, ಭೂಕಂಪಕ್ಕೆ ಏನೂ ಆಗಲ್ಲ" ಎಂದು ಗ್ರಾಮಸಭೆಯಲ್ಲಿ ಎಂಜಿನಿಯರ್ ಸಾಹೇಬರು ಹೇಳಿದರು. ಬಂಡೆ ಇದೆ ಸ್ವಾಮಿ, ಎಷ್ಟು ಆಳದಲ್ಲಿ? ಬೋರ್‌ವೆಲ್ ಬಿಲ್ ನೋಡಿ. ಮೇಲಿನ ಸಾಲಿನ ಮನೆಗೆ 20 ಅಡಿ ಕೇಸಿಂಗ್ ಪೈಪು (ಮಣ್ಣು ಕುಸಿಯದಂತೆ ಗಟ್ಟಿ ಕಲ್ಲು ಸಿಗುವವರೆಗೆ ಇಳಿಸುವ ಪೈಪು) ಸಾಕಾಯಿತು. ಗದ್ದೆ ಅಂಚಿನಲ್ಲಿರುವ ಕೆಳಗಿನ ಸಾಲಿನ ಮನೆಗೆ 90 ಅಡಿ ಇಳಿಸಬೇಕಾಯಿತು. ಅಲ್ಲಿಯವರೆಗೂ ಗಟ್ಟಿ ಕಲ್ಲು ಸಿಕ್ಕಿಲ್ಲ ಅಂತಲೇ ಅದರ ಅರ್ಥ. ಎರಡೂ ಬಿಲ್ಲಿನ ಜೆರಾಕ್ಸ್ ಜೊತೆಗಿಟ್ಟಿದ್ದೇವೆ.

2022ರ ಜೂನ್ ಕೊನೆಯಲ್ಲಿ ಚೆಂಬು, ಪೆರಾಜೆ, ಕರಿಕೆ ಕಡೆ ಭೂಮಿ ಮತ್ತೆ ಮತ್ತೆ ನಡುಗಿತು. ಜೂನ್ 28ರ ಬೆಳಿಗ್ಗೆಯದರ ತೀವ್ರತೆ 3.0. ನಮ್ಮಲ್ಲಿ ಮೇಲಿನ ಸಾಲಿನವರು ಲಾರಿ ಹೋಯಿತು ಅಂದುಕೊಂಡರು. ಕೆಳಗಿನ ಸಾಲಿನಲ್ಲಿ ಸ್ಟೀಲ್ ಲೋಟಗಳು ಶೆಲ್ಫಿನ ಅಂಚಿಗೆ ಜರುಗಿ ಒಂದೊಂದಾಗಿ ಬಿದ್ದವು. ನಡುವಿನ ದೂರ 150 ಮೀಟರ್ ಕೂಡ ಇಲ್ಲ.

ಇದೇನು ಪವಾಡವಲ್ಲ. ಕಂಪನದ ಅಲೆ ಬಂಡೆಯಲ್ಲಿ ಬೇಗ ಓಡುತ್ತದೆ, ಮೆತ್ತನೆ ಮಣ್ಣಿಗೆ ಬಂದರೆ ನಿಧಾನವಾಗುತ್ತದೆ. ನಿಧಾನವಾದಷ್ಟೂ ಅಲುಗಾಟ ಜಾಸ್ತಿ. 1985ರಲ್ಲಿ ಮೆಕ್ಸಿಕೋ ನಗರ ಭೂಕಂಪದ ಕೇಂದ್ರದಿಂದ ಸುಮಾರು 350 ಕಿ.ಮೀ. ದೂರವಿತ್ತು. ಆದರೂ ಹಳೆಯ ಕೆರೆಯ ಜೇಡಿ ಮಣ್ಣಿನ ಮೇಲಿದ್ದ ಕಟ್ಟಡಗಳು ಉರುಳಿದವು. ಮಣ್ಣಿನ ತೂಗಾಟಕ್ಕೂ 6ರಿಂದ 15 ಅಂತಸ್ತಿನ ಕಟ್ಟಡಗಳ ತೂಗಾಟಕ್ಕೂ ತಾಳೆ ಬಿದ್ದು, ಅವೇ ಹೆಚ್ಚು ಹಾಳಾದವು. ಅಷ್ಟು ದೂರ ಯಾಕೆ, 2001ರ ಭುಜ್ ಭೂಕಂಪಕ್ಕೆ 200 ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಬಿದ್ದವು. ಅದೇ ಭೂಕಂಪದಲ್ಲಿ ಕಂಬದ ಮೇಲಿನ ನೀರಿನ ಟ್ಯಾಂಕುಗಳೂ ಬಿದ್ದಿವೆ. 3.0ಕ್ಕೆ ಟ್ಯಾಂಕ್ ಬೀಳುವುದಿಲ್ಲ, ನಮಗೂ ಗೊತ್ತು. ಆದರೆ ಟ್ಯಾಂಕ್ ಕಟ್ಟುವುದು ಒಂದು ವರ್ಷಕ್ಕಲ್ಲವಲ್ಲ. ದೇಶದ ಭೂಕಂಪ ನಿಯಮ ಐಎಸ್ 1893ರಲ್ಲೇ (ಇದು ನಿಯಮದ ಸಂಖ್ಯೆ, ಇಸವಿಯಲ್ಲ) ಮಣ್ಣನ್ನು ಗಟ್ಟಿ, ಮಧ್ಯಮ, ಮೆತ್ತನೆ ಎಂದು ಬೇರೆ ಮಾಡಿ ಲೆಕ್ಕ ಹಾಕಲು ಹೇಳಿದೆ. ತಮ್ಮ ನಕ್ಷೆಯಲ್ಲಿ ಯಾವ ಮಣ್ಣೆಂದು ಬರೆದಿದೆ? ಕೇಳಿದರೆ "ಸ್ಟ್ಯಾಂಡರ್ಡ್ ಡಿಸೈನ್" ಎನ್ನುತ್ತಾರೆ.

ಮೊದಲ ಮನವಿ ಕೊಟ್ಟಾಗ ಫೈಲ್ ತಾಲ್ಲೂಕಿಗೆ ಹೋಗಿದೆ ಎಂದಿರಿ. ತಾಲ್ಲೂಕಿಗೆ ಹೋದರೆ ಬಂದೇ ಇಲ್ಲ ಎಂದರು. ಎರಡನೆಯದಕ್ಕೆ ಸಾಹೇಬರು ರಜೆ. ಮೂರನೆಯದಕ್ಕೆ ಚುನಾವಣೆ. ನಾಲ್ಕನೆಯದು ಕಳೆದುಹೋಯಿತು. ಐದನೆಯದಕ್ಕೆ ಒಬ್ಬರು ಬಂದರು, ಜೀಪಿನಿಂದ ಇಳಿಯದೆ ಮೊಬೈಲಲ್ಲಿ ಫೋಟೋ ಹೊಡೆದು ಹೋದರು. ಜಿಗಣೆ ಇತ್ತಂತೆ. ಆರನೆಯದನ್ನು ಬೀದಿದೀಪದ ಫೈಲಿಗೆ ಸೇರಿಸಿದ್ದರು. ಏಳನೆಯದಕ್ಕೆ "ನೋಡೋಣ". ಸೀಲು ಹೊಡೆದ ಸ್ವೀಕೃತಿ ಏಳೂ ನಮ್ಮಲ್ಲಿವೆ, ಉತ್ತರ ಒಂದೂ ಇಲ್ಲ.

ಬೀದಿದೀಪ ಎಂದ ಮೇಲೆ, ಅದೂ ಉರಿಯುತ್ತಿಲ್ಲ. ಅಂಗನವಾಡಿ ಹಿಂದಿನ ಗೋಡೆಯ ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ನಿಲ್ಲುತ್ತದೆ. ಅದರ ಮೇಲೆ ಪೋಷಣ್ ಮಾಸದ ಪೋಸ್ಟರ್ ಅಂಟಿಸಿದ್ದಾರೆ. ಮೇಲಿನ ತಿರುವಿನಲ್ಲಿ ಹೋಮ್‌ಸ್ಟೇಗೆಂದು ಬರೆ ನೇರಕ್ಕೆ ಕಡಿದಿದ್ದಾರೆ, ತಡೆಗೋಡೆ ಇಲ್ಲ. ಚರಂಡಿಯ ವಿಷಯ ಬರೆದರೆ ಇನ್ನೊಂದು ಹಾಳೆ ಬೇಕು. ಕಂದಾಯ ಮಾತ್ರ ಒಂದು ವರ್ಷವೂ ಮರೆಯದೆ ಕೇಳುತ್ತೀರಿ.

ಆದ್ದರಿಂದ ಗುಂಡಿಗೆ ಕಾಂಕ್ರೀಟ್ ಹಾಕುವ ಮೊದಲು ಆಳಕ್ಕೆ ಕೊರೆದು ಮಣ್ಣು ಪರೀಕ್ಷೆ ಮಾಡಿಸಿ, ವರದಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕು. ಜಾಗ ಸರಿ ಇಲ್ಲದಿದ್ದರೆ ಶಾಲೆಯ ಮೇಲಿನ ಗಟ್ಟಿ ನೆಲದ ಪೈಸಾರಿ (ಸರ್ಕಾರಿ ಜಾಗ) ನೋಡಿ. ಪೈಪು ಸ್ವಲ್ಪ ಉದ್ದವಾಗುತ್ತದೆ, ಅಷ್ಟೇ. ಅಂಗನವಾಡಿಯ ಮಕ್ಕಳನ್ನು ಈ ಮಳೆಗಾಲಕ್ಕೆ ಮುಂಚೆ ಬೇರೆ ಕಡೆ ಕೂರಿಸಿ.

ಇಂತಿ,
ಮೇಲಿನ ಮತ್ತು ಕೆಳಗಿನ ಸಾಲಿನ ನಿವಾಸಿಗಳು
(41 ಸಹಿ ಲಗತ್ತಿಸಿದೆ)

ವಿ.ಸೂ.: ಸ್ವೀಕೃತಿಯಲ್ಲಿ ಈ ಸಲ ದಿನಾಂಕ ಬರೆದು ಕೊಡಿ. ಕಳೆದ ಸಲ ಸೀಲು ಮಾತ್ರ ಇತ್ತು.