ಹಾಡಿಯ ಆರೋಗ್ಯವನ್ನು ಹಾಡಿಯವರೇ ಅಧ್ಯಯನ ಮಾಡಲಿ

ಮಾನ್ಯರೇ,

ಕೆನಡಾದ ಒಂಟಾರಿಯೊದಲ್ಲಿ 1962ರಿಂದ 1970ರವರೆಗೆ ಕಾರ್ಖಾನೆಯೊಂದು ನದಿಗೆ ಬಿಟ್ಟ ಸುಮಾರು 9 ಟನ್ ಪಾದರಸವು ಮೀನಿನ ಮೂಲಕ ಗ್ರಾಸಿ ನ್ಯಾರೋಸ್‌ನ ಮೂಲನಿವಾಸಿಗಳ ದೇಹ ಸೇರಿ ನರಮಂಡಲವನ್ನೇ ಘಾಸಿಗೊಳಿಸಿತು. ಇಂದು ಆ ದೇಶದಲ್ಲಿ ಇಂಥ ಮಾಲಿನ್ಯವನ್ನು ಮೂಲನಿವಾಸಿ ಸಮುದಾಯಗಳೇ ಮುಂದಾಗಿ ಅಧ್ಯಯನ ಮಾಡಲು ಸರ್ಕಾರ ಹಣ ನೀಡುತ್ತದೆ.

ನಮ್ಮ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಹಾಡಿಗಳ (ಬುಡಕಟ್ಟು ಜನವಸತಿಗಳ) ಜೇನುಕುರುಬರು, ಯರವರಲ್ಲಿ ಅನೇಕರು ಹೊಗೆಸೊಪ್ಪಿನ ಹೊಲಗಳಲ್ಲೂ ಕೊಡಗಿನ ಕಾಫಿ ತೋಟಗಳಲ್ಲೂ ಕೂಲಿ ಮಾಡುವವರು. ಒದ್ದೆ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಸೇರಿ ತಲೆಸುತ್ತು, ವಾಂತಿ ತರುತ್ತದೆ; ಕೀಟನಾಶಕದ ಅಪಾಯ ಬೇರೆಯೇ ಇದೆ. ಮೈಸೂರಿನಲ್ಲೇ ಇರುವ ರಾಜ್ಯ ಬುಡಕಟ್ಟು ಸಂಶೋಧನಾ ಸಂಸ್ಥೆಯು ಹಾಡಿಯ ವಿದ್ಯಾವಂತ ಯುವಜನರಿಗೆ ತರಬೇತಿ, ಸಂಭಾವನೆ ಕೊಟ್ಟು, ಕುಡಿಯುವ ನೀರು ಹಾಗೂ ರಕ್ತದ ಪರೀಕ್ಷೆಗೆ ಅನುದಾನ ಮೀಸಲಿಡಬೇಕು. ಫಲಿತಾಂಶವು ಮೊದಲು ಹಾಡಿಯ ಜನರಿಗೆ, ಅವರ ಮಾತಿನಲ್ಲೇ ತಿಳಿಯಬೇಕು.

– ಓದುಗ, ಹುಣಸೂರು